ಅಳತೆ ಪುಸ್ತಕದ ಕೊನೆಯ ಹಾಳೆ

“ಒಂದೇ ವಾರ! ಇಂಟರ್‌ನೆಟ್ಟಿನ ಒಂದೊಂದು ಪದವನ್ನೂ ಕತ್ತರಿಸಿ, ಹೊಲಿದು, ಇಸ್ತ್ರಿ ಹಾಕಿ ಇಟ್ಟುಬಿಡ್ತೀನಿ!” ಎಂದು ದರ್ಜಿ ಹಲ್ಲುಜ್ಜುತ್ತಲೇ ಘೋಷಿಸಿದ.

“ಮೊದಲು ಬಾಯಿ ತೊಳ್ಕೊಳ್ಳಿ,” ಎಂದಳು ಹೆಂಡತಿ.

ಕಾಲೇಜಿಗೆ ಹೊರಟ ಮಗಳು ಒಂದೊಂದೇ ಪದದ ಅರ್ಥ ಹೇಳುತ್ತ ಹೋದಳು. ಇವನು ಗಿರಾಕಿಗಳ ಅಳತೆ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಂಡ. ಸ್ಟೇಟಸ್ ಎಂದರೆ ಬಟ್ಟೆಯ ಮೇಲಿನ ಸೀಮೆಸುಣ್ಣದ ಗೆರೆ, ಒಂದೇ ದಿನಕ್ಕೆ ಮಾಸುತ್ತದೆ. ಬ್ಲಾಕ್ ಎಂದರೆ ಒಬ್ಬ ಗಿರಾಕಿಗೆ ಮಾತ್ರ ಅಂಗಡಿ ಬಾಗಿಲು ಹಾಕುವುದು. ಡಿಲೀಟ್ ಎಂದರೆ ಹೊಲಿಗೆ ಬಿಚ್ಚುವುದು.

“ಡಿಲೀಟಲ್ಲಿ ಎರಡು ಥರ ಇದೆ ಅಪ್ಪಾ...”

“ಹೊಲಿಗೆ ಬಿಚ್ಚೋದನ್ನ ನನಗೆ ಹೇಳಿಕೊಡ್ತೀಯಾ? ನಡಿ ನಡಿ, ಬಸ್ ಬಂತು!”

ಆ ವಾರ ಯಂತ್ರದ ಮೇಲಿದ್ದದ್ದು ಹೆಂಡತಿಯ ಅಕ್ಕನ ಕೋಟು. ಅಕ್ಕ ಶಾಲೆಯ ಮುಖ್ಯೋಪಾಧ್ಯಾಯಿನಿ. ಶುಕ್ರವಾರ ಅವರ ನಿವೃತ್ತಿ ಸಮಾರಂಭ. ಟೇಪನ್ನು ಹತ್ತಿರ ಬಿಟ್ಟುಕೊಳ್ಳದ ಅವರು ಅಳತೆಯನ್ನು ಚೀಟಿಯಲ್ಲಿ ಬರೆದು ಕಳಿಸುತ್ತಿದ್ದರು. ಹತ್ತು ವರ್ಷದಿಂದ ಅದೇ ಅಂಕಿ! ಯಾವುದೋ ಮಾತಿಗೆ ಎರಡು ವರ್ಷ ಮುನಿಸಿಕೊಂಡಿದ್ದ ಅಕ್ಕತಂಗಿಯರು ಈ ಕೋಟಿನ ನೆಪದಲ್ಲಿ ಈಗಷ್ಟೇ ಒಂದಾಗಿದ್ದರು.

“ಏನಾದ್ರೂ ಎಡವಟ್ಟು ಮಾಡಿದ್ರೋ...” ಎಂದ ಹೆಂಡತಿ ಮಾತು ಮುಗಿಸಿರಲಿಲ್ಲ. ಮುಗಿಸುವ ಅಗತ್ಯವೂ ಇರಲಿಲ್ಲ.

ಕೋಟು ಮುಗಿದ ಮಧ್ಯಾಹ್ನ ದರ್ಜಿ ಹೆಂಡತಿಗೆ ಧ್ವನಿ ಸಂದೇಶ ಕಳಿಸಲು ಫೋನಿಗೆ ಪಿಸುಗುಟ್ಟಿದ: “ಲೇ, ಆ ಚೀಟಿ ನಂಬಿದ್ರೆ ನಿಮ್ಮಕ್ಕ ಉಸಿರಾಡೋ ಹಾಗಿಲ್ಲ. ಗುಟ್ಟಾಗಿ ಮೂರಿಂಚು ಸೇರಿಸಿದೀನಿ. ಬಾಯಿ ಬಿಡಬೇಡ!”

ಕಳಿಸಿದ ಮೇಲೆ ನೋಡಿದರೆ, ಅದು ಹೋದದ್ದು ಹೆಂಡತಿಗಲ್ಲ, ನಲವತ್ತಮೂರು ಮಂದಿಯ ಕುಟುಂಬದ ಗ್ರೂಪಿಗೆ!

ಎದೆ ಹೊಲಿಗೆ ಯಂತ್ರಕ್ಕಿಂತ ಜೋರಾಗಿ ಓಡಿತು. ಆದರೇನು, ಈಗ ಅವನು ವಿದ್ಯಾವಂತ! ಸಂದೇಶವನ್ನು ಒತ್ತಿಹಿಡಿದ. ‘ಎಲ್ಲರಿಗೂ ಅಳಿಸು’, ‘ನನಗೆ ಮಾತ್ರ ಅಳಿಸು’ ಎಂಬ ಎರಡು ಸಾಲು ಬಂದವು. ಎಲ್ಲರದ್ದನ್ನೂ ಅಳಿಸಿದರೆ ಪಾಪ, ಉಳಿದವರು ಬರೆದದ್ದೆಲ್ಲ ಹೋಗುವುದಿಲ್ಲವೆ? ಇನ್ನೊಬ್ಬರ ಹೊಲಿಗೆ ಬಿಚ್ಚುವ ದರ್ಜಿ ಇವನಲ್ಲ. ಧರ್ಮಾತ್ಮ ಎರಡನೆಯದನ್ನು ಒತ್ತಿದ. ಸಂದೇಶ ಮಾಯ! ನಿಶ್ಚಿಂತೆಯಿಂದ ಇನ್ನೊಬ್ಬ ಗಿರಾಕಿಯ ಅಂಗಿಗೆ ಗುಂಡಿ ಹಚ್ಚಲು ಕುಳಿತ.

ಸಂಜೆ ಅಕ್ಕ ಬಂದರು. ಹಿಂದೆಯೇ ಬಿಳಚಿಕೊಂಡ ಮುಖದ ಹೆಂಡತಿ. ಅಕ್ಕ ಕತ್ತರಿಸುವ ಮೇಜಿನ ಮೇಲೆ ಫೋನ್ ಇಟ್ಟು ಒತ್ತಿದರು. “ಲೇ, ಆ ಚೀಟಿ ನಂಬಿದ್ರೆ...” ದರ್ಜಿಯ ಪಿಸುಮಾತು ಅಂಗಡಿ ತುಂಬ ಮೊಳಗಿತು.

“ಅತ್ತಿಗೆ, ಅದನ್ನ ಅಳಿಸಿದ್ದೆ! ನನ್ನ ಫೋನಲ್ಲಿ ನೋಡಿ ಬೇಕಾದ್ರೆ, ಇಲ್ಲವೇ ಇಲ್ಲ!”

“ಕೋಟು ಕೊಡಿ.”

ಅಕ್ಕ ತೊಟ್ಟರು, ಗುಂಡಿ ಹಾಕಿದರು, ಕನ್ನಡಿಯ ಮುಂದೆ ನಿಂತು ನಿಧಾನವಾಗಿ ಉಸಿರೆಳೆದರು. ಗುಂಡಿಗಳು ಅಲುಗಲಿಲ್ಲ.

“ಹತ್ತು ವರ್ಷ ಆಯ್ತು ಕಣೇ,” ಎಂದು ತಂಗಿಯ ಕೈ ಹಿಡಿದರು, “ಕೋಟು ಹಾಕ್ಕೊಂಡು ಪೂರ್ತಿ ಉಸಿರು ಬಿಟ್ಟು.” ತಂಗಿ ಅಳುತ್ತ ನಕ್ಕಳು.

“ಹಾಗಂತ ಶಿಕ್ಷೆ ತಪ್ಪಲ್ಲ!” ಅಕ್ಕ ದರ್ಜಿಯತ್ತ ತಿರುಗಿದರು. “ಪುಸ್ತಕ ತೆಗೀರಿ. ‘ಎಲ್ಲರಿಗೂ ಅಳಿಸು’, ಇಪ್ಪತ್ತು ಸಲ. ಅಕ್ಷರ ದುಂಡಗಿರಲಿ.”

ದರ್ಜಿ ತಲೆ ತಗ್ಗಿಸಿ ಬರೆಯತೊಡಗಿದ. ಹನ್ನೊಂದನೆಯ ಸಾಲಿಗೆ ಪಕ್ಕದಲ್ಲಿ ಕ್ಲಿಕ್ ಎಂದಿತು.

“ಲೇ! ಫೋಟೋ ಗ್ರೂಪಿಗೆ ಹಾಕಿದ್ಯಾ? ಅಳಿಸೇ, ಮಾನ ಹೋಗುತ್ತೆ!”

“ಆಗಲೇ ಅಳಿಸಿದೆ ಕಣ್ರೀ,” ಎಂದಳು ಹೆಂಡತಿ ತಣ್ಣಗೆ, “ನನಗೆ ಮಾತ್ರ.”