ಹಗಲು ವೀಕ್ಷಣೆಯ ಫಲಿತಾಂಶ

ಇದು ನಡೆದದ್ದು ನಾವು ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದಾಗ, ಮಾರ್ಚ್ ತಿಂಗಳಲ್ಲಿ. ಖಗೋಳ ವಿಜ್ಞಾನ ವಿಭಾಗದ ವೀಕ್ಷಣಾಲಯವು ಆಗಲೂ ಈಗಿನಂತೆಯೇ ಬೆಳಿಗ್ಗೆ ಹತ್ತೂವರೆಗೆ ತೆರೆದು ಸಂಜೆ ಐದಕ್ಕೆ ಮುಚ್ಚುತ್ತಿತ್ತು.

ಇದರ ಹಿನ್ನೆಲೆ ಸರಳ. ರಾತ್ರಿ ತರಗತಿಗೆ ಮೇಲ್ವಿಚಾರಕರು ಬೇಕು, ಮೇಲ್ವಿಚಾರಕರಿಗೆ ರಾತ್ರಿ ಭತ್ಯೆ ಬೇಕು. ವಿಭಾಗದ ಮುಖ್ಯಸ್ಥರು ಭತ್ಯೆ ಕೋರಿ ಬರೆದಾಗ ಹಣಕಾಸು ಶಾಖೆ ಒಂದೇ ಪ್ರಶ್ನೆ ಕೇಳಿತು: ‘ನಕ್ಷತ್ರಗಳು ಹಗಲಿನಲ್ಲಿ ಆಕಾಶದಲ್ಲಿ ಇರುತ್ತವೆಯೇ, ಇಲ್ಲವೇ?’ ಮುಖ್ಯಸ್ಥರು ವಿಜ್ಞಾನಿ, ಸುಳ್ಳು ಬರೆಯಲಾರರು. ‘ಇರುತ್ತವೆ’ ಎಂದು ಬರೆದರು. ‘ಇದ್ದ ಮೇಲೆ ಹಗಲಿನಲ್ಲೇ ನೋಡತಕ್ಕದ್ದು’ ಎಂದು ಉತ್ತರ ಬಂತು.

ಅಂದಿನಿಂದ ವಿದ್ಯಾರ್ಥಿಯು ದೂರದರ್ಶಕಕ್ಕೆ ಕಣ್ಣಿಟ್ಟು, ಬಳಿಕ ವೀಕ್ಷಣಾ ಪುಸ್ತಕದಲ್ಲಿ ‘ವೀಕ್ಷಿಸಲಾಯಿತು. ಕಾಣಲಿಲ್ಲ’ ಎಂದು ಬರೆಯುವುದು ಪದ್ಧತಿಯಾಯಿತು. ನಿಲ್ಲುವ ಭಂಗಿಗೆ ಹತ್ತು ಅಂಕ, ಮೌನಕ್ಕೆ ಐದು, ದುಂಡಗಿನ ಅಕ್ಷರಕ್ಕೆ ಐದು. ಈ ಪದ್ಧತಿಯ ಮೊದಲ ವರ್ಷದ ಕೊನೆಯಲ್ಲಿ ಒಂದು ತಂಡ ದೂರದರ್ಶಕದ ಮುಚ್ಚಳ ತೆಗೆಯದೆಯೇ ವೀಕ್ಷಣೆ ಮುಗಿಸಿದ್ದು ಗೊತ್ತಾಯಿತು. ಫಲಿತಾಂಶದಲ್ಲಿ ವ್ಯತ್ಯಾಸವಿರಲಿಲ್ಲ. ಆದ್ದರಿಂದ, ಧೂಳಿನ ದೃಷ್ಟಿಯಿಂದ, ಇನ್ನು ಮುಂದೆ ಮುಚ್ಚಳ ತೆಗೆಯಬಾರದೆಂದು ಸುತ್ತೋಲೆ ಹೊರಟಿತು.

ಮೂರು ವರ್ಷ ಎಲ್ಲ ವಿದ್ಯಾರ್ಥಿಗಳ ಫಲಿತಾಂಶವೂ ಒಂದಕ್ಕೊಂದು ಶೇಕಡಾ ನೂರರಷ್ಟು ಹೊಂದಿಕೊಂಡಿತು. ರಸಾಯನ ಶಾಸ್ತ್ರದವರು ಬಂದು ಇದು ಹೇಗೆ ಸಾಧ್ಯವೆಂದು ಕೇಳಿ ತಿಳಿದುಕೊಂಡು ಹೋದರು.

ನಮ್ಮ ತರಗತಿಯಲ್ಲಿ ಒಂಬತ್ತು ಮಂದಿ. ಅದರಲ್ಲಿ ಒಬ್ಬಳು ಗೂಬೆ. ಹೆಸರಿಟ್ಟವರು ನಾವೇ. ರಾತ್ರಿಯೆಲ್ಲ ತಾರಸಿಯ ಮೇಲೆ ಬರಿಗಣ್ಣಿನಲ್ಲಿ ಆಕಾಶ ನೋಡಿ, ಬೆಳಿಗ್ಗೆ ಮೊದಲ ಪಾಠದಲ್ಲಿ ತೂಕಡಿಸುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಒಂದೇ: ಬೆಟ್ಟದ ಮೇಲಿನ ದೊಡ್ಡ ವೀಕ್ಷಣಾಲಯದಲ್ಲಿ ಆರು ವಾರದ ತರಬೇತಿ. ಕಾಲೇಜಿಗೆ ಒಂದು ಜಾಗ. ತರಗತಿಗೆ ಮೊದಲಿಗಳಾದ್ದರಿಂದ ಜಾಗ ಅವಳದೇ. ವಿಭಾಗದಿಂದ ಒಂದು ವೀಕ್ಷಣಾ ಪ್ರಮಾಣಪತ್ರ ಸಿಕ್ಕರೆ ಸಾಕಿತ್ತು.

ಇಂಥ ಹೊತ್ತಿನಲ್ಲಿ ಅವಳು ಮುಚ್ಚಳ ತೆಗೆದಳು.

“ಅದನ್ಯಾಕಮ್ಮ ತೆಗೆದೆ?” ಎಂದ ಅಟೆಂಡರ್.

“ನೋಡೋಕೆ ಅಣ್ಣ.”

“ಮುಚ್ಚಳ ಇದ್ರೂ ನೋಡಬಹುದಲ್ಲ. ಎಲ್ಲರೂ ಹಾಗೇ ನೋಡ್ತಾರೆ.”

ಅವಳು ಹಿಂದಿನ ದಿನವೇ ಲೆಕ್ಕ ಹಾಕಿಟ್ಟಿದ್ದಳು. ಸೂರ್ಯನನ್ನು ಗೋಡೆಯ ಮರೆಗೆ ಬಿಟ್ಟು, ದೂರದರ್ಶಕವನ್ನು ಪೂರ್ವಕ್ಕೆ ತಿರುಗಿಸಿದಳು. ನೀಲಿಯ ನಡುವೆ ಶುಕ್ರ ಗ್ರಹ ಪುಟ್ಟ ಅರ್ಧಚಂದ್ರನಂತೆ ಬೆಳ್ಳಗೆ ನಿಂತಿತ್ತು. ನಾವೂ ಒಬ್ಬೊಬ್ಬರಾಗಿ ನೋಡಿದೆವು. ತುಂಬ ಚೆನ್ನಾಗಿತ್ತು. ಆಮೇಲೆ ಎಂಟು ಮಂದಿ ‘ಕಾಣಲಿಲ್ಲ’ ಎಂದು ಬರೆದೆವು. ಗೂಬೆ ‘ಕಂಡಿತು’ ಎಂದು ಬರೆದಳು.

ವಿಭಾಗದ ಫಲಿತಾಂಶ ಶೇಕಡಾ ಎಂಬತ್ತೊಂಬತ್ತಕ್ಕೆ ಕುಸಿಯಿತು.

ಮುಖ್ಯಸ್ಥರು ಅವಳನ್ನು ಕರೆಸಿದರು. ಒಳ್ಳೆಯವರು, ಕೂರಲು ಹೇಳಿದರು.

“ಎಂಟು ಜನಕ್ಕೆ ಕಾಣದ್ದು ನಿನಗೊಬ್ಬಳಿಗೇ ಹೇಗಮ್ಮ ಕಾಣಿಸ್ತು?”

“ಎಲ್ಲರಿಗೂ ಕಾಣಿಸ್ತು ಸರ್.”

“ಅವರು ಬರೆದಿಲ್ಲವಲ್ಲ. ನೋಡು, ಹಗಲು ಕಂಡ ಬಾವಿಗೆ ಹಗಲೇ ಬೀಳಬೇಡ. ಅದೊಂದನ್ನ ತಿದ್ದಿಬಿಡು, ಪ್ರಮಾಣಪತ್ರಕ್ಕೆ ಈಗಲೇ ಸಹಿ ಹಾಕ್ತೀನಿ. ಪೆನ್ನು ಕೈಯಲ್ಲೇ ಇದೆ.”

“ಕಂಡಿದೆಯಲ್ಲ ಸರ್.”

ಮುಖ್ಯಸ್ಥರು ಪೆನ್ನಿಗೂ ಮುಚ್ಚಳ ಹಾಕಿದರು.

ಗೂಬೆಯ ಅಮ್ಮ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ನರ್ಸ್. ಅಮ್ಮ ಬರುವ ಹೊತ್ತಿಗೆ ಮಗಳು ಹೊರಡಬೇಕು, ಮಾತೆಲ್ಲ ಒಲೆಯ ಮುಂದೆಯೇ ಆಗಬೇಕು.

“ತಿದ್ದಿಬಿಡಲಾ ಅಮ್ಮ?”

“ಜ್ವರ ಇದ್ದವರಿಗೆ ಇಲ್ಲ ಅಂತ ಬರೆದ್ರೆ ಜ್ವರ ಇಳಿಯಲ್ಲ ಕಣೇ.”

“ಬೆಟ್ಟ ತಪ್ಪಿಹೋಗುತ್ತೆ.”

“ಬೆಟ್ಟ ಎಲ್ಲಿಗೂ ಹೋಗಲ್ಲ. ಹಾಲು ಉಕ್ಕುತ್ತೆ ನೋಡು.”

ಅವಳು ತಿದ್ದಲಿಲ್ಲ. ಆದ್ದರಿಂದ ವಿಚಾರಣಾ ಸಮಿತಿ ರಚನೆಯಾಯಿತು: ಕುಲಸಚಿವರು, ಹಣಕಾಸು ಅಧಿಕಾರಿ, ನಮ್ಮ ಮುಖ್ಯಸ್ಥರು. ಪಠ್ಯಕ್ರಮವನ್ನು ಮೇಜಿನ ಮೇಲೆ ಹರಡಿಕೊಂಡು ಕುಲಸಚಿವರು ಆರಂಭಿಸಿದರು.

“ಶುಕ್ರ ಎಷ್ಟನೇ ಘಟಕದಲ್ಲಿ ಬರುತ್ತೆ?”

“ನಾಲ್ಕನೇದು ಸರ್.”

“ಈಗ ಯಾವುದು ನಡೀತಿದೆ?”

“ಎರಡನೇದು.”

“ನಾಲ್ಕನೇ ಘಟಕದ್ದು ಈಗಲೇ ಹೇಗಮ್ಮ ಬಂತು?”

“ಗೊತ್ತಿರಲಿಲ್ಲವೇನೋ ಸರ್.”

“ಯಾರಿಗೆ, ನಿನಗಾ?”

“ಶುಕ್ರಕ್ಕೆ.”

ಶುಕ್ರ ಗ್ರಹಕ್ಕೆ ಪಠ್ಯಕ್ರಮದ ಪ್ರತಿ ತಲುಪಿಲ್ಲವೆಂದು ನಡಾವಳಿಯಲ್ಲಿ ದಾಖಲಾಯಿತು. ನಂತರ ಸಮಿತಿ ಸ್ಥಳ ಪರಿಶೀಲನೆಗೆ ಮೆಟ್ಟಿಲು ಹತ್ತಿತು.

ಕುಲಸಚಿವರು ಕಣ್ಣಿಟ್ಟು ನೋಡಿದರು. “ಏನೂ ಇಲ್ಲವಲ್ಲ.”

“ಮುಚ್ಚಳ ಸರ್,” ಎಂದಳು ಗೂಬೆ.

ಮುಚ್ಚಳವನ್ನು ಐದು ನಿಮಿಷದ ಮಟ್ಟಿಗೆ ತೆಗೆಯಲು ಅಲ್ಲೇ ವಿಶೇಷ ಅನುಮತಿ ನೀಡಲಾಯಿತು. ಕುಲಸಚಿವರು ಮತ್ತೆ ಬಗ್ಗಿದರು. ಐದು ನಿಮಿಷ ಕಳೆಯಿತು. ಅನುಮತಿಯನ್ನು ಎರಡು ಬಾರಿ ವಿಸ್ತರಿಸಬೇಕಾಯಿತು.

“ಅರ್ಧವೇ ಇದೆ,” ಎಂದರು ಕಣ್ಣು ತೆಗೆಯದೆ. “ಇನ್ನರ್ಧ ಯಾರ ಸುಪರ್ದಿಯಲ್ಲಿದೆ?”

“ಅಲ್ಲೇ ಇದೆ ಸರ್. ಆ ಕಡೆ ಬಿಸಿಲು ಬಿದ್ದಿಲ್ಲ.”

ಹಣಕಾಸು ಅಧಿಕಾರಿಯೂ ನೋಡಿದರು. “ಇದಕ್ಕೆ ನಾವೇನಾದ್ರೂ ಕೊಡಬೇಕಾ?”

“ಏನೂ ಬೇಡ ಸರ್.”

“ಹಾಗಾದ್ರೆ ಇರಲಿ.”

ಮುಖ್ಯಸ್ಥರು ಕೊನೆಗೆ ನೋಡಿದರು. ನೋಡಿ ಕನ್ನಡಕ ಒರೆಸಿಕೊಂಡರು.

ಕಣ್ಣಿಟ್ಟವರು ಬರೆಯಲೇಬೇಕೆಂಬುದು ವಿಭಾಗದ ನಿಯಮ. ಅಟೆಂಡರ್ ಪುಸ್ತಕ ಚಾಚಿದ. ಕುಲಸಚಿವರು ‘ಕಂಡಿತು. ಪರಿಶೀಲನೆಯಲ್ಲಿದೆ’ ಎಂದು ಬರೆದು ಸಹಿ ಹಾಕಿದರು. ಉಳಿದಿಬ್ಬರೂ ಅದರ ಕೆಳಗೆ ‘ಮೇಲಿನಂತೆ’ ಎಂದು ಬರೆದರು.

ಈಗ ಸಮಸ್ಯೆ ಗಂಭೀರವಾಯಿತು. ಫಲಿತಾಂಶ ಕೆಡಿಸಿದವರಲ್ಲಿ ಕುಲಸಚಿವರೂ ಸೇರಿದ್ದರು. ಐದು ಗಂಟೆಯೊಳಗೆ ಪ್ರಕಟಣೆ ಹೊರಬಿತ್ತು:

‘ಶುಕ್ರ ಗ್ರಹವು ಕಂಡಿರುವುದನ್ನು ಸಮಿತಿ ಒಪ್ಪಿರುತ್ತದೆ. ಆದ ಕಾರಣ ಕಳೆದ ಮೂರು ವರ್ಷಗಳ ಎಲ್ಲ “ಕಾಣಲಿಲ್ಲ”ಗಳನ್ನು “ಕಂಡಿತು” ಎಂದು ಓದಿಕೊಳ್ಳತಕ್ಕದ್ದು. ಇನ್ನು ಮುಂದೆಯೂ ಕಾಣತಕ್ಕದ್ದು. ಫಲಿತಾಂಶವು ಈಗಾಗಲೇ ನಿಗದಿಯಾಗಿರುವುದರಿಂದ ಮುಚ್ಚಳವನ್ನು ಪುನಃ ಹಾಕತಕ್ಕದ್ದು.’

ಫಲಿತಾಂಶ ಮತ್ತೆ ಶೇಕಡಾ ನೂರಾಯಿತು. ನಮ್ಮ ಎಂಟು ಮಂದಿಯ ಸುಳ್ಳು ಆದೇಶದ ಮೂಲಕ ನಿಜವಾಯಿತು. ಹಿಂದಿನ ವರ್ಷ ಪಾಸಾಗಿ ಬ್ಯಾಂಕು ಸೇರಿದ್ದ ಹಿರಿಯನೊಬ್ಬ ವಿಭಾಗಕ್ಕೆ ಬಂದು, “ನಾನು ಶುಕ್ರ ನೋಡಿದ್ದೀನಿ ಅಂತ ನನಗೇ ಗೊತ್ತಿರಲಿಲ್ಲ ಸರ್,” ಎಂದು ಕೈಮುಗಿದು ಹೋದ.

ಗೂಬೆಯ ಬರಹ ಎಲ್ಲರದಕ್ಕೂ ಹೊಂದಿಕೊಂಡಿದ್ದರಿಂದ ಅವಳಿಗೆ ಪ್ರಮಾಣಪತ್ರ ಸಿಕ್ಕಿತು. ‘ಎಲ್ಲರಂತೆಯೇ ನೋಡುತ್ತಾಳೆ’ ಎಂದು ಅದರಲ್ಲಿತ್ತು. ಅಮ್ಮ ಅದನ್ನು ಎರಡು ಸಲ ಓದಿ, “ಬೈದಿದ್ದಾರಾ, ಹೊಗಳಿದ್ದಾರಾ?” ಎಂದು ಕೇಳಿದರಂತೆ. ಜೂನ್ ಒಂದರಂದು ಅವಳು ಬೆಟ್ಟ ಹತ್ತಿದಳು.

ಅಂಕಪಟ್ಟಿ ತರಲು ಹೋದಾಗ ಮುಖ್ಯಸ್ಥರು ನನ್ನನ್ನು ಕೇಳಿದರು.

“ನಮ್ಮ ಹುಡುಗಿ ಏನಂತಾಳೆ?”

“ಮೊದಲ ವಾರ ಪೂರ್ತಿ ಮೋಡವಂತೆ ಸರ್. ಏನೂ ಕಾಣಲಿಲ್ಲ ಅಂತ ಬರೆದುಕೊಟ್ಟಳಂತೆ.”

“ಅಷ್ಟು ದೊಡ್ಡ ಟೆಲಿಸ್ಕೋಪ್ ಇಟ್ಟುಕೊಂಡು?” ಅವರಿಗೆ ನಿಜಕ್ಕೂ ಬೇಸರವಾಯಿತು.

“ಎಂಟನೇ ರಾತ್ರಿ ಶನಿಯ ಬಳೆ ಕಾಣಿಸ್ತಂತೆ. ಅತ್ತುಬಿಟ್ಟಳಂತೆ.”

“ರಾತ್ರೀನಾ? ಪಾಪ. ಭತ್ಯೆ ಯಾರು ಕೊಡ್ತಾರೋ.”

ಜೂನ್‌ನಲ್ಲಿ ನಮಗೆ ರಜೆ. ಅಟೆಂಡರ್ ವೀಕ್ಷಣಾ ಪುಸ್ತಕದ ಆ ತಿಂಗಳ ಪುಟವನ್ನು ಮೊದಲೇ ತುಂಬಿಸಿಟ್ಟು, ವೀಕ್ಷಣಾಲಯಕ್ಕೆ ಬೀಗ ಹಾಕಿ ಊರಿಗೆ ಹೋಗಿದ್ದ. ಆ ತಿಂಗಳು ಮೋಡ ಮುಚ್ಚಿದ ದಿನಗಳು ಇಪ್ಪತ್ತೊಂದು. ಶುಕ್ರ ಕಂಡ ದಿನಗಳು ಮೂವತ್ತು.