ಕಾಕಾ, ಸಾಹೇಬರು ಮತ್ತು ಕರಿಬೇವು

ನಮ್ಮ ಕಾಕಾ ನ್ಯಾಯಾಧೀಶರನ್ನು ಕಂಡರೆ ಓಡಿಹೋಗುತ್ತಿದ್ದರು. ಕಳ್ಳರಿರಬೇಕು ಅಂದುಕೊಂಡಿರಾ? ಅಲ್ಲ ಸ್ವಾಮೀ, ಫಿರ್ಯಾದುದಾರರು!

ಶಾಲಾ ಮಾಸ್ತರಾದ ಕಾಕಾನಿಗೆ ಹುಬ್ಬಳ್ಳಿ ಹತ್ತಿರದ ಸುಳ್ಳ ಗ್ರಾಮದಲ್ಲಿ ಇದ್ದದ್ದೇ ಎರಡು ಎಕರೆ ಹೊಲ. ಅದಕ್ಕೆ ಆ ಕಡೆಯ ಮುಖಂಡನೊಬ್ಬ ತಂತಿ ಬೇಲಿ ಬಿಗಿದು ತನ್ನದೆಂದ. ಕೇಸು ಹುಬ್ಬಳ್ಳಿ ಕೋರ್ಟಿಗೆ ಹೋಯಿತು. ಹಣೆಬರಹ ನೋಡಿ, ಆ ಕೇಸು ಕೇಳುತ್ತಿದ್ದ ಸಾಹೇಬರೇ ಗೋಪನಕೊಪ್ಪದಲ್ಲಿ ಕಾಕಾನ ಎದುರು ಮನೆಗೆ ಬಾಡಿಗೆಗೆ ಬಂದರು! ಬೇರೆಯವರಾಗಿದ್ದರೆ ತುಪ್ಪದ ಗಡಿಗೆ ಹಿಡಿದು ನಿಲ್ಲುತ್ತಿದ್ದರು. ಕಾಕಾ ಮುಂಬಾಗಿಲಿಗೆ ಕೀಲಿ ಜಡಿದರು. ಅಂದಿನಿಂದ ಹಿತ್ತಲಿನಿಂದ ಹೊರಟು, ಪಕ್ಕದವರ ಎಮ್ಮೆಗಳ ನಡುವೆ ನುಸುಳಿ ಓಣಿಗೆ ಬರುವುದು. ಒಮ್ಮೆ ಎಮ್ಮೆ ಒದೆಯಿತು ಕೂಡ.

"ಯಾಕ್ರೀ ಕಾಕಾ ಈ ಹುಚ್ಚಾಟ? ಯಾರ ಕಡಿಂದರೆ ಸಾಹೇಬ್ರಿಗೆ ಒಂದ್ ಮಾತು ಹೇಳಸೋಣಲ್ಲ" ಎಂದೆ.

"ಲೇ, ಅವ್ರು ಯಾರ ಕಡೀನೂ ವಾಲಬಾರ್ದು ಅನ್ನೋದು ಅವ್ರ ದೊಡ್ಡಸ್ತಿಕಿ ಅಲ್ಲ, ನನ್ನ ಹಕ್ಕು! ನನ್ನ ಹಕ್ಕು ನಾನ ಕೆಡಿಸ್ಕೊಳ್ಳಲೇನು?"

ಒಂದು ವಾರ ನನ್ನ ಜೊತೆ ಮಾತು ಬಿಟ್ಟರು.

ಇನ್ನೊಂದು ದಿನ ಸಾಹೇಬರ ಹೆಂಡತಿ ಕಂಪೌಂಡಿನಾಚೆ ನಿಂತು, "ಒಗ್ಗರಣಿಗೆ ನಾಲ್ಕೆಸಳು ಕರಿಬೇವು ಕೊಡ್ತೀರೇನ್ರೀ?" ಎಂದರು. ಕಾಕಾನ ಹೆಂಡತಿ, ನಮ್ಮ ಕಾಕು, ಗಿಡಕ್ಕೆ ಕೈ ಹಾಕಿದ್ದರಷ್ಟೇ. ಒಳಗಿನಿಂದ ಗುಡುಗು: "ಕೊಡಬ್ಯಾಡ!" ಪಾಪ, ಆಕೆ ಮುಖ ಸಣ್ಣದು ಮಾಡಿಕೊಂಡು ಹೋದರು. "ಕರಿಬೇವಿಗೂ ಕೆಡೋ ನ್ಯಾಯ ಅದೆಂಥಾದ್ರೀ!" ಎಂದು ಕಾಕು ಹಣೆ ಬಡಿದುಕೊಂಡರು.

ದಸರೆಯ ಸಂಜೆಯಂತೂ ಕೇಳಲೇಬೇಡಿ. ಓಣಿಯವರಿಗೆಲ್ಲ ಬನ್ನಿ ಕೊಡುತ್ತ ಸಾಹೇಬರು ಕಾಕಾನ ಕದವನ್ನೂ ತಟ್ಟಿದರು. ಕಾಕಾ ಬಚ್ಚಲಿಗೆ ಓಡಿ ಚಿಲಕ ಹಾಕಿಕೊಂಡರು.

"ಮಾಸ್ತರು ಇಲ್ಲೇನ್ರೀ?"

ಕಿಟಕಿಯಲ್ಲಿ ನಿಂತ ಕಾಕು ತಡವರಿಸುವಷ್ಟರಲ್ಲಿ ಬಚ್ಚಲಿನಿಂದಲೇ ಉತ್ತರ ಬಂತು: "ಇಲ್ರೀ, ಹೊರಗ ಹೋಗ್ಯಾರ್ರೀ!"

ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ನಗು ಬಹಳ ಹೊತ್ತು ಉಳಿಯಲಿಲ್ಲ. ಸಾಹೇಬರು ಮರಳುವಷ್ಟರಲ್ಲಿ ಅವರ ಗೇಟಿಗೆ ಆ ಮುಖಂಡನ ಕಾರು ಬಂದಿತ್ತು. ಬನ್ನಿ ಕೊಟ್ಟ, ತೆಕ್ಕೆಬಿದ್ದ, ಒಳಗೆ ಹೋಗಿ ತಾಸುಗಟ್ಟಲೆ ಕೂತ. ಓಣಿಯೆಲ್ಲ ನೋಡಿತು. ಸಾಹೇಬರೂ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಳ್ಳಬಹುದಿತ್ತಲ್ಲ!

ಯುಗಾದಿಗೆ ಮುಂಚೆ ತೀರ್ಪು ಬಂತು. ಹೊಲ ಮುಖಂಡನ ಪಾಲಾಯಿತು.

"ಸೋತದ್ದಕ್ಕ ಸಂಕಟ ಇಲ್ಲಲೇ," ಎಂದರು ಕಾಕಾ. "ಖರೇನ ನನ್ನ ಕಾಗದ ಸರಿ ಇರಲಿಲ್ಲೇನೋ. ಇಲ್ಲಾ, ಆ ಬನ್ನಿ ಕೆಲಸ ಮಾಡ್ತೇನೋ. ಇನ್ನ ಸಾಯೂತನಕ ಗೊತ್ತಾಗಂಗಿಲ್ಲ ನೋಡು."

ಸೋಲನ್ನಾದರೂ ನುಂಗಬಹುದು. ಈ ಅನುಮಾನವನ್ನು ಹೇಗೆ ನುಂಗುವುದು? ನನಗಂತೂ ಇವತ್ತಿಗೂ ಮೈ ಉರಿಯುತ್ತದೆ.

ಕಳೆದ ತಿಂಗಳು ಸಾಹೇಬರಿಗೆ ವರ್ಗವಾಯಿತು. ಸಾಮಾನು ಲಾರಿಗೇರುತ್ತಿದ್ದಾಗ ಕಾಕಾ ಕೀಲಿ ತೆಗೆದು ಮುಂಬಾಗಿಲಿನಿಂದಲೇ ಹೊರಬಂದರು. ಬೈಯಲಿಕ್ಕೇ ಹೊರಟಿದ್ದಾರೆಂದು ನಾನೂ ಹುರುಪಿನಿಂದ ಬೆನ್ನು ಹತ್ತಿದೆ. ನೋಡಿದರೆ ಕೈಯಲ್ಲಿ ದೊಡ್ಡದೊಂದು ಕಟ್ಟು ಕರಿಬೇವು! ಸಾಹೇಬರ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ನೇರ ಅವರ ಹೆಂಡತಿಯ ಮುಂದೆ ಹೋಗಿ ನಿಂತರು.

"ಅವತ್ತ ಇಲ್ಲ ಅಂದಿದ್ದೆ ತಂಗೀ, ಮನಸ್ಸಿಗೆ ಹಚ್ಕೋಬ್ಯಾಡವಾ. ಈಗ ತಗೋವಾ. ಈಗ ಇದು ಬರೇ ಕರಿಬೇವು."

ಆಕೆ ಸೆರಗೊಡ್ಡಿದರು. ನನಗೆ ಅತ್ತ ನೋಡಲಾಗಲಿಲ್ಲ.