ಕಮಲಾಪುರದಲ್ಲಿ ಹಚ್ಚಿದ ಕಾದಂಬರಿ

ದಪ್ಪ ಪುಸ್ತಕ ಹಿಡಿದವನ ಸುತ್ತ ಏನಾದರೂ ನಡೆಯುತ್ತಲೇ ಇರುತ್ತದೆ. ತೆಳ್ಳಗಿನ ಪುಸ್ತಕ ಓದುವಾಗ ನನ್ನನ್ನು ಯಾರೂ ಏನೂ ಕೇಳಿದ್ದಿಲ್ಲ.

ಕೊನೆಯ ಸಂಪುಟ

ಬಿ.ಎಸ್ಸಿ. ಮುಗಿಸಿ ಕಲಬುರ್ಗಿಯ ಶಾಲೆಯೊಂದರಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ. ಒಂದಾದರೂ ದೊಡ್ಡ ಕಾದಂಬರಿಯನ್ನು ಹಾಳೆ ಬಿಡದೆ ಓದಬೇಕೆಂದು ತೀರ್ಮಾನಿಸಿದೆ. ಕಚೇರಿಯಲ್ಲಿ ಪೇಶ್ಕಾರರಾಗಿದ್ದು ನಿವೃತ್ತರಾದ ನೆರೆಮನೆಯ ಸಾಹೇಬರ ಕಪಾಟಿನಲ್ಲಿ ಅಂಥದೊಂದಿತ್ತು: ಯುರೋಪಿನ ಹಳೆಯ ಕಥೆ, ಉರ್ದುವಿನಲ್ಲಿ, ನಾಲ್ಕು ಸಂಪುಟ. ಮೊದಲನೆಯದರ ರಟ್ಟು ಕಿತ್ತುಬಂದಿತ್ತು. ಎರಡನೆಯದು ಸ್ವಲ್ಪ ಮಾಸಿತ್ತು. ಕೊನೆಯದರಲ್ಲಿ ಒಂದಕ್ಕೊಂದು ಕೂಡಿಕೊಂಡಿದ್ದ ಹಾಳೆಗಳ ಅಂಚನ್ನು ಓದುವುದಕ್ಕೆಂದು ಇನ್ನೂ ಯಾರೂ ಕತ್ತರಿಸಿರಲಿಲ್ಲ.

“ನೀವು ಓದೀರೇನ್ರೀ ಸಾಹೇಬರ?” ಎಂದು ಕೇಳಿದೆ.

“ಪಿನ್ಶನ್ ಆದಮ್ಯಾಲ ಓದಬೇಕಂತ ಇಟ್ಟೀನಿ ಬೇಟಾ.”

“ಪಿನ್ಶನ್ ಆಗಿ ಬಾಳ ವರ್ಷ ಆತಲ್ರೀ.”

“ಪುರಸತ್ತು ಎಲ್ಲಿ ಸಿಕ್ಕದ?” ಎಂದು ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕಣ್ಣು ಮುಚ್ಚಿದರು.

ತೋಟದ ಗೌಡ

ಆ ದಿನಗಳಲ್ಲೇ ಕಮಲಾಪುರದಲ್ಲಿ ನನ್ನ ಸೋದರತ್ತೆ ಬಾವಿಕಟ್ಟೆಯ ಮೇಲೆ ಜಾರಿಬಿದ್ದು ಕಾಲು ಮುರಿದುಕೊಂಡಳು. ಗಂಡ ತೀರಿದ ಮೇಲೆ ಒಬ್ಬಳೇ ಮನೆತನ ನಡೆಸಿದವಳು. ಈಗ ಗೋಡೆ ಕಡೆ ಮುಖ ಮಾಡಿ ಮಲಗಿದಳು, ಊಟ ಬಿಟ್ಟಳು. ಉಣ್ಣದಿದ್ದರೆ ಎಲುಬು ಕೂಡುವುದಿಲ್ಲ, ಮತ್ತೆ ಏಳುವುದೂ ಇಲ್ಲ ಎಂದು ಹಕೀಮರು ಹೇಳಿ ಹೋದರು.

ನಿಜಾಮರ ಸರಕಾರದ ಶಾಲೆ, ಶುಕ್ರವಾರ ರಜೆ. ಮೋಟಾರು ಹತ್ತಿ ಹೋದೆ. ಮಾತಾಡಲು ಬೇರೇನೂ ತೋಚದೆ, ಸಾಹೇಬರಿಂದ ಕೇಳಿ ತಂದಿದ್ದ ಕಾದಂಬರಿಯನ್ನೇ ಕನ್ನಡ ಮಾಡಿ ಹೇಳಿದೆ. ಕೇಳುತ್ತ ಕೇಳುತ್ತ ಅವಳು ತನಗರಿವಿಲ್ಲದೆ ಒಂದು ರೊಟ್ಟಿ ತಿಂದಳು. ಮುಂದಿನ ಕಥೆ ಕೇಳುವ ಆಸೆಗೆ ವಾರವೆಲ್ಲ ಅಷ್ಟಿಷ್ಟು ಉಣ್ಣತೊಡಗಿದಳು. ಹೀಗಾಗಿ ಪ್ರತಿ ಶುಕ್ರವಾರ ಓದುವುದಾಯಿತು. ಓಣಿಯ ಹೆಂಗಸರೂ ಬಂದು ಕೂತರು.

ಪರದೇಶದ ಹೆಸರುಗಳು ಅತ್ತೆಯ ನಾಲಿಗೆಗೆ ಹತ್ತಲಿಲ್ಲ. ಕಥೆಯಲ್ಲಿ ಬಂದವರಿಗೆಲ್ಲ ಊರಿನವರ ಹೆಸರಿಟ್ಟಳು. ಹುಡುಗಿಯೊಬ್ಬಳಿಗೆ ಮೋಸ ಮಾಡುವ ಜಮೀನುದಾರ ‘ತೋಟದ ಗೌಡ’ನಾದ.

ಕೆಂಪು ಬಾಳೆಯ ತೋಟದ ನಿಜವಾದ ಗೌಡರು ಒಂದು ದಿನ ಮೋಟಾರು ನಿಲ್ಲುವಲ್ಲಿ ನನ್ನನ್ನು ತಡೆದರು.

“ಮಾಸ್ತರ, ನನ್ನ ಕಂಡರ ಹೆಣ್ಮಕ್ಕಳು ಮಾರಿ ತಿರುವಾಕತ್ತಾರ. ನಾ ಏನ್ ಮಾಡೀನ್ರೀ?”

ವಿಷಯ ವಿವರಿಸಿದೆ. ಅವರು, “ಮುಂದರ ಸುಧಾರಸ್ತೀನೇನ್ರೀ ನಾ?” ಎಂದು ಕೇಳಿದರು.

“ಮೂರನೇ ಸಂಪುಟದಾಗ,” ಎಂದು, ಅದನ್ನಿನ್ನೂ ಓದಿರದಿದ್ದರೂ, ಹೇಳಿಬಿಟ್ಟೆ.

“ಲಗೂನ ಓದ್ರೀ,” ಎಂದು ನನ್ನ ಚೀಲದ ತುಂಬ ಬಾಳೆಹಣ್ಣು ತುಂಬಿದರು.

ತೊಟ್ಟಿಲು

ನಮ್ಮ ಕಡೆ ಪುರಾಣ ಹಚ್ಚಿದರೆ, ಎಂದರೆ ದಿನಕ್ಕಿಷ್ಟು ಓದಿಸತೊಡಗಿದರೆ, ಬರೀ ಕೇಳಿ ಎದ್ದುಹೋಗುವುದಿಲ್ಲ. ಕಥೆಯಲ್ಲಿ ಮಗು ಹುಟ್ಟಿದ ದಿನ ತೊಟ್ಟಿಲು ಕಟ್ಟಿ ಜೋಗುಳ ಹಾಡುತ್ತಾರೆ; ಮದುವೆ ಬಂದ ದಿನ ಮದುವೆಯೂಟ ಮಾಡುತ್ತಾರೆ. ಇದು ಪುರಾಣವಲ್ಲ ಎಂದು ನಾನು ಮೊದಲೇ ಹೇಳಿದ್ದೆ. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಎರಡನೇ ಸಂಪುಟದಲ್ಲಿ ಮಗು ಹುಟ್ಟಿತು. ಗಂಡೋ ಹೆಣ್ಣೋ ಎಂಬುದನ್ನು ಬರೆದವನು ಮುಂದಿನ ಅಧ್ಯಾಯಕ್ಕೆ ಬಿಟ್ಟಿದ್ದ. ಹೆಂಗಸರು ಅಷ್ಟು ಕಾಯಲಿಲ್ಲ. ತೊಟ್ಟಿಲು ತಂದು, ತೂಗಿ, ಹಾಡಿ, ಕೂಸಿಗೆ ನೀಲಮ್ಮ ಎಂದು ಹೆಸರಿಟ್ಟು ಸಕ್ಕರೆ ಹಂಚಿದರು.

ಮುಂದಿನ ವಾರ ನಾನು, ಹುಟ್ಟಿದ್ದು ಗಂಡು ಎಂದೆ.

“ಸಕ್ರಿ ಹಂಚಿ ಆಗ್ಯಾದ,” ಎಂದಳು ಅತ್ತೆ. “ನೀ ಪುಸ್ತಕದಾಗ ತಿದ್ದು.”

ಮದುವೆ

ಮೂರನೇ ಸಂಪುಟದಲ್ಲಿ ನಾಯಕನ ಮದುವೆ ನಿಶ್ಚಯವಾಯಿತು. ಅತ್ತೆ ಮುಂದಿನ ಶುಕ್ರವಾರ ಊಟಕ್ಕೆ ಬನ್ನಿರೆಂದು ಓಣಿಗೆಲ್ಲ ಹೇಳಿಕಳಿಸಿದಳು. ನಾನು ಕಲಬುರ್ಗಿಗೆ ಬಂದು ಮುಂದಿನದನ್ನು ಓದಿದೆ. ಮದುವೆ ಇರಲಿಲ್ಲ. ಯುದ್ಧ ಬಂತು, ಹುಡುಗ ಹೋದ, ಸತ್ತ.

ವಾರವಿಡೀ ಒಂದೇ ಯೋಚನೆ. ಇದನ್ನು ಕೇಳಿ ಅತ್ತೆ ಮತ್ತೆ ಗೋಡೆ ಕಡೆ ತಿರುಗಿದರೆ? ಸುಳ್ಳು ಹೇಳೋಣವೆಂದರೆ ಆಮೇಲೆ ಉಳಿದ ಕಾದಂಬರಿಯನ್ನೆಲ್ಲ ನಾನೇ ಕಟ್ಟಬೇಕು.

ಶುಕ್ರವಾರ ಹೋದಾಗ ಅತ್ತೆ ಹಾಸಿಗೆಯಲ್ಲಿರಲಿಲ್ಲ. ಕೋಲೂರಿಕೊಂಡು ಬಂದು ಒಲೆಯ ಮುಂದೆ ಕೂತು ಹೋಳಿಗೆ ಮಾಡಿಸುತ್ತಿದ್ದಳು. ಬಿದ್ದ ಮೇಲೆ ಅವಳು ಎದ್ದದ್ದು ಅದೇ ಮೊದಲು. ನಾನು ಪುಸ್ತಕ ತೆಗೆಯದೆ ನಿಂತೆ.

“ಯಾಕ್ ತಮ್ಮಾ, ಮಾರಿ ಹಿಂಗ್ಯಾಕ?”

“ಅತ್ತಿ, ಮದಿವಿ ಆಗಂಗಿಲ್ಲ. ಹುಡುಗ ಲಡಾಯಿಗಿ ಹೋಗಿ ಸಾಯ್ತಾನ.”

ಹೆಂಗಸರ ಕೈಗಳು ನಿಂತವು. ಅತ್ತೆ ಹೂರಣ ತುಂಬಿದ ಪರಾತವನ್ನು ನೋಡಿದಳು, ನನ್ನನ್ನು ನೋಡಿದಳು.

“ಯಾವಾಗ?”

“ಇವತ್ತ ಓದೋದರಾಗ.”

“ಹಂಗಾದ್ರ ಇವತ್ತ ಓದಬ್ಯಾಡ. ಮಂದಿ ಬರಾಕತ್ತಾರ. ಮದಿವಿ ನಾವ ಮಾಡ್ತೀವಿ. ಹಾಡ್ರೇ.”

ಮದುವೆ ಆಯಿತು. ನನ್ನ ಚೀಲದಿಂದ ತೆಗೆಸಿ ಮಣೆಯ ಮೇಲಿಟ್ಟ ಮೂರನೇ ಸಂಪುಟದ ಮೇಲೆ ಅಕ್ಷತೆ ಬಿತ್ತು. ಅತ್ತೆ ತುಪ್ಪ ಹಾಕಿಸಿಕೊಂಡು ಹೊಟ್ಟೆ ತುಂಬ ಹೋಳಿಗೆ ಉಂಡಳು.

“ಮುಂದಿನ ವಾರ ಅವ ಸಾಯೋದು ಇದ್ದೇ ಅದಲ್ಲ ಅತ್ತಿ,” ಎಂದೆ.

“ನೋಡೂಣು,” ಎಂದು ಅತ್ತೆ ಕೈ ತೊಳೆದಳು. “ಈಗ ಮನ್ಯಾಗ ಹೆಣ್ತಿ ಅದಾಳ. ಅಕಿ ಬಿಟ್ಟರ ಹೋಗ್ಲಿ ಲಡಾಯಿಗಿ.”